ಕಾಶಿನಾಥರು ಹಾಸಿದ ನೆಲ
ಬಾಲಾನಗರದ ಕಾಶಿನಾಥರು ಕಂಪ್ಯೂಟರ್ ಕೋಣೆಗಳಿಗೆ ಎತ್ತರದ ನೆಲ ಹಾಸುವವರು. ಗಿಡ್ಡ ಕಂಬಗಳ ಮೇಲೆ ಹಲಗೆ ಕೂರಿಸಿ, ವೈರುಗಳನ್ನೆಲ್ಲ ಅದರಡಿ ಅಡಗಿಸುವುದು ಅವರ ಕಸುಬು. ಯಾರ ಮನೆಗೆ ಹೋದರೂ ಮೊದಲು ನೆಲ ನೋಡುತ್ತಾರೆ, ಆಮೇಲೆ ಮುಖ. ಗಿರಾಕಿ ಬಂದರೆ ಹಲಗೆಗಳ ಗುಣಾವಗುಣವನ್ನು ನೆಂಟರ ಸುದ್ದಿಯಂತೆ ಹೇಳುತ್ತಾರೆ: "ಕಟ್ಟಿಗಿದು ಕಾಲಿಗೆ ಭಾಳ ಮೆತ್ತಗ ಐತ್ರಿ, ಆದ್ರ ನೀರು ತಾಗಿದ್ರ ಉಬ್ಬತೈತಿ. ಸಿಮೆಂಟ್ ತುಂಬಿದ ಉಕ್ಕಿಂದು ಎಷ್ಟು ಭಾರ ಹೊರಿಸಿದ್ರೂ ಗೊಣಗಂಗಿಲ್ಲ. ಅಲ್ಯೂಮಿನಿಯಂ ಹಗುರ, ಆದ್ರ ತುಟ್ಟಿ." ಹೋದ ವರ್ಷ ಅವರ ಹೆಂಡತಿ ವತ್ಸಲಾಬಾಯಿಯವರ ಕಣ್ಣು ಪೂರ್ತಿ ಹೋಯಿತು. ಎಲ್ಲಿದ್ದೇನೆಂದು ತಿಳಿಯದ ಭಯಕ್ಕೆ ಅವರು ಮಂಚವನ್ನೇ ಬಿಡಲಿಲ್ಲ. ಕಾಶಿನಾಥರು ಎಂಟು ದಿನ ಅಂಗಡಿ ಮುಚ್ಚಿ, ಹೊಸ್ತಿಲು ಎಡವದಂತೆ ಇಡೀ ಮನೆಯ ನೆಲವನ್ನು ಒಂದೇ ಮಟ್ಟಕ್ಕೆ ತಂದರು. ಮಲಗುವ ಕೋಣೆಗೆ ಅಲ್ಯೂಮಿನಿಯಂ, ನಡುಮನೆಗೆ ಕಟ್ಟಿಗೆ, ಅಡುಗೆಮನೆಗೆ ಉಕ್ಕು. ಕಾಲಿಟ್ಟ ಸದ್ದಿನಿಂದಲೇ ಆಕೆಗೆ ಜಾಗ ತಿಳಿಯಬೇಕು. ಅದಾದ ಮೇಲೆ ನಾನು ಅವರ ಮನೆಗೆ ಹೋದ ದಿನ ವತ್ಸಲಾಬಾಯಿ ಗೋಡೆ ಮುಟ್ಟದೆ ಅಡುಗೆಮನೆಯಿಂದ ನಡೆದು ಬಂದು, "ಉಂಡs ಹೋಗ್ರಿ, ಇವತ್ತ ಅಡಗಿ ನಾನs ಮಾಡೀನಿ" ಎಂದರು. ಕಾಶಿನಾಥರು ಒಳಗೆ ಹೋಗುತ್ತಿದ್ದ ಹೆಂಡತಿಯ ಹೆಜ್ಜೆಗಳನ್ನೇ ಕೇಳುತ್ತ ಕೂತಿದ್ದರು.