ಆಷಾಢದಲ್ಲಿ ಹೋದ ಹಸು

ಎಸ್ಟೇಟಿನ ಆಫೀಸಿನ ಮೆಟ್ಟಿಲು ಹತ್ತುವ ಮೊದಲು ಕೂಲಿ ಹೆಂಗಸರೆಲ್ಲ ಬಾಯಲ್ಲಿದ್ದ ಎಲೆಯಡಿಕೆಯನ್ನು ಬೇಲಿಯ ಬುಡಕ್ಕೆ ಉಗಿದು, ಸೆರಗಿನಿಂದ ತುಟಿ ಒರೆಸಿಕೊಂಡು ಬರುತ್ತಿದ್ದರು. ಚಿಕ್ಕತಾಯಮ್ಮ ಉಗಿಯುತ್ತಿರಲಿಲ್ಲ. ಮ್ಯಾನೇಜರು ಏನಾದರೂ ಕೇಳಿದರೆ ನಿಧಾನವಾಗಿ ಅಗಿದು, ರಸ ನುಂಗಿ, ಆಮೇಲೆ ಬಾಯಿ ತೆರೆಯುತ್ತಿದ್ದಳು. ಅಲ್ಲಿಯತನಕ ಆ ಮಹಾಶಯ ಪೆನ್ನು ಹಿಡಿದುಕೊಂಡು ಕಾಯಬೇಕಿತ್ತು. ಉಳಿದವರು ಅವನನ್ನು 'ಬುದ್ಧೀ' ಎಂದು ಕರೆಯುತ್ತಿದ್ದರು. ನೀನ್ಯಾಕೆ ಕರೆಯುವುದಿಲ್ಲ ಎಂದು ನಾನೊಮ್ಮೆ ಕೇಳಿದ್ದಕ್ಕೆ, ಇಲ್ಲದ್ದನ್ನು ಇದೆ ಅಂತ ಹೇಳಿದರೆ ನಾಲಿಗೆ ಬಿದ್ದು ಹೋಗುತ್ತದೆ ಎಂದಿದ್ದಳು.

ಆಕೆಯ ಮನೆ ಮಲಯಾಳ ಸೀಮೆಯ ಮರಕ್ಕಡವಿನಲ್ಲಿ, ಕಬಿನಿಯ ದಂಡೆಯ ಮೇಲೆ. ಅಜ್ಜನ ಕಾಲಕ್ಕೇ ಕನ್ನಡ ಸೀಮೆಯ ಕೋಟೆ ಕಡೆಯಿಂದ ಹೊಳೆ ದಾಟಿ ಬಂದವರು. ನಾನೂ ಆ ಕಡೆಯವನೇ. ನಾಲ್ಕಕ್ಷರ ಕಲಿತಿದ್ದೆನೆಂದು ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ಕಿರಿಯ ರೈಟರ್ ಆಗಿದ್ದೆ. ನಮ್ಮ ಭಾಷೆ ಆಡುವವನು ಒಬ್ಬ ಒಳಗಿದ್ದಾನೆ ಎಂದು ಅವಳಿಗೆ ನನ್ನ ಮೇಲೆ ಅಕ್ಕರೆ. 'ಮಗ' ಎನ್ನುತ್ತಿದ್ದಳು. ಆ ಅಕ್ಕರೆಗೆ ನಾನು ಎಷ್ಟು ಯೋಗ್ಯ ಎಂಬುದು ಮುಂದೆ ಗೊತ್ತಾಗುತ್ತದೆ.

ಅದು ತಿರುವಾಂಕೂರಿನ ಕಡೆಯಿಂದ ಜನ ಪಾತ್ರೆಪಗಡ, ಕೋಳಿ, ಮಕ್ಕಳ ಸಮೇತ ಬಂದು ಕಾಡು ಕಡಿದು ಮರಗೆಣಸು ನೆಡುತ್ತಿದ್ದ ಕಾಲ. ಜ್ವರದಲ್ಲಿ ಎಷ್ಟೋ ಜನ ಸತ್ತರು, ಆದರೂ ಬರುತ್ತಲೇ ಇದ್ದರು. ನಮ್ಮ ಮ್ಯಾನೇಜರಿಗೆ ಅದೊಂದು ಕೊಬ್ಬು. ಯಾರಾದರೂ ಕೂಲಿಯ ವಿಚಾರ ಎತ್ತಿದರೆ, ಬೇಡವಾದರೆ ಹೋಗಿ, ಬಸ್ಸಿನಿಂದ ದಿನಾ ಜನ ಇಳಿಯುತ್ತಿದ್ದಾರೆ ಅನ್ನುತ್ತಿದ್ದ.

ಇನ್ನು ಹೆಡ್ ರೈಟರ್ ಕುಂಞಪ್ಪನ್. ಅಂಥ ಪುಕ್ಕಲನನ್ನು ನಾನು ಕಂಡಿಲ್ಲ, ಕನ್ನಡಿಯಲ್ಲಿ ಬಿಟ್ಟು. ಆ ವರ್ಷ ಸರಿಯಾಗಿ ಕರ್ಕಟಕ ಮಾಸದ ಮೊದಲ ವಾರ ಹಾಜರಿ ಪುಸ್ತಕದ ಕೊನೆಯ ಹಾಳೆ ತುಂಬಿತು. ಹೊಸ ಪುಸ್ತಕ ಬೀರುವಿನಲ್ಲೇ ಇತ್ತು. ಆದರೆ ಕರ್ಕಟಕದಲ್ಲಿ, ಅಂದರೆ ನಮ್ಮ ಆಷಾಢದ ಹೊತ್ತಿನಲ್ಲಿ, ಹೊಸ ಪುಸ್ತಕ ತೆರೆಯುವುದೇ? ಕುಂಞಪ್ಪನ್ ಎರಡೂ ಕಿವಿ ಮುಟ್ಟಿಕೊಂಡ. ಆಷಾಢದಲ್ಲಿ ಹೊಸ ಪೊರಕೆಯನ್ನೂ ಕೊಳ್ಳದ ಮನೆಯಿಂದ ಬಂದ ನಾನೂ ತಲೆಯಾಡಿಸಿದೆ. ಮುಂದಿನ ಚಿಂಗ ಮಾಸ ಹುಟ್ಟುವವರೆಗೆ ಬಿಡಿ ಹಾಳೆಯಲ್ಲಿ ಬರೆಯೋಣ ಎಂದಾಯಿತು. ಬಿಡಿ ಹಾಳೆಗೆ ಹೋದವರು ಪಟ್ಟಿಯಲ್ಲಿ ಕೊನೆಗಿದ್ದ, ಚಿಕ್ಕತಾಯಮ್ಮನೂ ಸೇರಿ ಹನ್ನೊಂದು ಮಂದಿ ಕನ್ನಡದ ಹೆಂಗಸರು. ಪುಸ್ತಕ ಕೋಳಿಕ್ಕೋಡಿನ ಮುದಲಾಳಿಯ, ಅಂದರೆ ಕೂಲಿಯ ಹಣ ಕಳಿಸುವ ಧಣಿಯ, ಆಫೀಸಿಗೆ ಹೋಯಿತು. ಹಾಳೆ ಹೋಗಲಿಲ್ಲ. ಯಾರ ಚಹಾ ಲೋಟದ ಅಡಿಯಲ್ಲಿ ನೆನೆದು ಹರಿಯಿತೋ ದೇವರೇ ಬಲ್ಲ.

ಸಂಬಳದ ದಿನ ಹನ್ನೊಂದು ಜನವೂ ಕಂಬಳಿ ಕೊಪ್ಪೆ ಹಾಕಿಕೊಂಡು ಅಂಗಳದಲ್ಲಿ ಸಂಜೆಯವರೆಗೆ ನಿಂತರು. ಹೆಸರಿಲ್ಲ, ಹಣ ಬಂದಿಲ್ಲ, ಮುಂದಿನ ತಿಂಗಳು ನೋಡೋಣ ಎಂದು ಮ್ಯಾನೇಜರು ಬಾಗಿಲು ಹಾಕಿಕೊಂಡ. ಮುಂದಿನ ತಿಂಗಳೂ ನಿಂತರು. ವಿಚಾರಣೆ ನಡೆಯುತ್ತಿದೆ ಎಂದ. ಏನು ವಿಚಾರಣೆ, ಮಣ್ಣಾಂಗಟ್ಟಿ! ನಡೆದದ್ದೇನೆಂದು ಚಿಕ್ಕತಾಯಮ್ಮನಿಗೆ ನಾನೇ ಗುಟ್ಟಾಗಿ ಹೇಳಿದ್ದೆ. ಅವಳು ಅಂಗಳದಿಂದಲೇ ಕುಂಞಪ್ಪನಿಗೆ ಕೇಳುವ ಹಾಗೆ ಅಂದಳು:

"ನಿಮ್ ಪುಸ್ತಕಕ್ಕೆ ಆಸಾಡ ಬತ್ತದೆ. ನಮ್ ಹೊಟ್ಟೆಗೆ ಆಸಾಡ ಇಲ್ವಲ್ಲ ರೈಟ್ರೆ, ಅದು ದಿನಾ ಕೇಳ್ತದೆ."

ಎಸ್ಟೇಟಿನ ಅಂಗಡಿಯವನು ಸಾಲ ಕೊಡುವುದು ನಿಲ್ಲಿಸಿದ. ಮನೆಯಲ್ಲಿ ಬಾಣಂತಿ ಮಗಳು. ಚಿಕ್ಕತಾಯಮ್ಮ ಗಬ್ಬದ ಹಸುವನ್ನು ಹೊಳೆಯಾಚೆಯ ದಲ್ಲಾಳಿಗೆ ಅವನು ಹೇಳಿದ ಬೆಲೆಗೆ ಕೊಟ್ಟು ಅಕ್ಕಿ ತಂದಳು. ಹಸು ಮಾರಿದರೂ ನಮ್ಮವರು ಕಣ್ಣಿ ಕೊಡುವುದಿಲ್ಲ. ಕೊರಳ ಹಗ್ಗದ ಜೊತೆ ಕೊಟ್ಟಿಗೆಯ ಭಾಗ್ಯವೂ ಹೋಗುತ್ತದೆ ಎಂಬ ನಂಬಿಕೆ. ಆ ಹಗ್ಗ ಅವಳ ಹತ್ತಿರವೇ ಉಳಿಯಿತು.

ಓಣಂ ಕಳೆದ ಮೇಲೆ ಎರಡು ತಿಂಗಳ ಕೂಲಿ ಒಟ್ಟಿಗೆ ಬಂತು. ಹತ್ತು ಜನ ಹೆಬ್ಬೆಟ್ಟು ಒತ್ತಿ, ಕೈ ಮುಗಿದು ಹೋದರು. ಇವಳು ಹಣ ಎಣಿಸಿ ಸೆರಗಿಗೆ ಕಟ್ಟಿಕೊಂಡು ಅಲ್ಲೇ ನಿಂತಳು. ಕೂಲಿ ಬಂತು, ನನ್ನ ಹಸು ಎಲ್ಲಿ ಎಂದು ಕೇಳಿದಳು. ಮ್ಯಾನೇಜರು ನಕ್ಕ. ಹಸುವನ್ನು ಮಾರಿದವಳು ನೀನು, ನಾನೇನು ದನ ಕಾಯುವವನೇ ಎಂದ. ಅವಳದು ಒಂದೇ ಮಾತು: ನೀವು ಹೊತ್ತಿಗೆ ಕೊಟ್ಟಿದ್ದರೆ ಹಸು ಇರುತ್ತಿತ್ತು, ಕರು ಇರುತ್ತಿತ್ತು, ಮಗುವಿಗೆ ಹಾಲಿರುತ್ತಿತ್ತು. ಅದನ್ನು ತುಂಬಿಕೊಡಿ.

ಅರ್ಜಿ ಬರೆದುಕೊಡು ಮಗ ಎಂದು ನನ್ನನ್ನೇ ಕೇಳಿದಳು. ನನ್ನ ಅಕ್ಷರ ಗುರುತು ಸಿಗುತ್ತದೆ ಎಂದು ನುಣುಚಿಕೊಂಡೆ. ಕೊನೆಗೆ ಪುಲ್ಪಳ್ಳಿಯ ಒಬ್ಬ ವಲಸೆಯ ಮೇಷ್ಟರು ಮಲಯಾಳದಲ್ಲಿ ಬರೆದುಕೊಟ್ಟರು. ಪರಿಚಯವೇ ಇಲ್ಲದ ಮನುಷ್ಯ, ಕಾಸೂ ಮುಟ್ಟಲಿಲ್ಲವಂತೆ.

ಕೂಲಿಯವರ ತಕರಾರು ಕೇಳುವ ಅಧಿಕಾರಿ ಮಾನಂದವಾಡಿಗೆ ಬಂದಾಗ ವಿಚಾರಣೆಯಾಯಿತು. ಎಸ್ಟೇಟಿನ ಕಡೆಯಿಂದ ಮ್ಯಾನೇಜರ ಜೊತೆ ನಾನೂ ಹೋಗಿದ್ದೆ. ಮ್ಯಾನೇಜರು ಇಸ್ತ್ರಿ ಹಾಕಿದ ಸುಳ್ಳು ಹೇಳಿದ. ಹಣ ಸಿದ್ಧವಿತ್ತು, ಈ ಹೆಂಗಸರು ಸಂಬಳದ ದಿನ ಬರಲೇ ಇಲ್ಲ ಎಂದ. ಚಿಕ್ಕತಾಯಮ್ಮ ಮಡಿಲಿನಿಂದ ಆ ಕಣ್ಣಿಯನ್ನು ತೆಗೆದು ಮೇಜಿನ ಮೇಲಿಟ್ಟಳು. ಮ್ಯಾನೇಜರು ಮೂಗು ಮುಚ್ಚಿಕೊಂಡ. ಅಧಿಕಾರಿ ಮುಚ್ಚಿಕೊಳ್ಳಲಿಲ್ಲ. ಹಗ್ಗವನ್ನು ಕೈಗೆತ್ತಿಕೊಂಡು, ನಮ್ಮ ಮನೆಯಲ್ಲೂ ಕೊಡುವುದಿಲ್ಲ ಎಂದರು. ಆಮೇಲೆ ನನ್ನತ್ತ ತಿರುಗಿ, ಸಂಬಳದ ದಿನ ಇವರು ಬಂದಿದ್ದರೋ ಇಲ್ಲವೋ, ನೀವು ಅಲ್ಲೇ ಇದ್ದಿರಲ್ಲ, ಹೇಳಿ ಎಂದರು.

ಮ್ಯಾನೇಜರು ಕೆಮ್ಮಿದ.

"ನೆನಪಿಲ್ಲ ಸಾರ್," ಅಂದೆ.

ಥೂ ನನ್ನ ಜನ್ಮಕ್ಕೆ! ಎರಡು ಸಂಬಳದ ದಿನ ಆ ಕಂಬಳಿಗಳಿಂದ ನೀರು ಸುರಿಯುವುದನ್ನು ಕಿಟಕಿಯಿಂದ ನೋಡಿದ್ದವನು ನಾನು. ಅಧಿಕಾರಿ ಹಗ್ಗವನ್ನು ಮೇಜಿನ ಮೇಲೆ ವಾಪಸಿಟ್ಟರು. ಉಳಿದ ಹತ್ತು ಹೆಂಗಸರು ಕೆಲಸ ಹೋದೀತೆಂದು ಬಂದಿರಲಿಲ್ಲ. ಸಾಕ್ಷಿ ಇಲ್ಲದೆ ಪರಿಹಾರ ಬರೆಯಲಾಗುವುದಿಲ್ಲ ಎಂದರು, ಎಸ್ಟೇಟು ತಾನಾಗಿ ಏನಾದರೂ ಕೊಡಬಹುದು ಎಂದೂ ಸೇರಿಸಿದರು. ಮ್ಯಾನೇಜರು ದೊಡ್ಡ ಮನಸ್ಸು ಮಾಡಿದವನ ಹಾಗೆ ಕೆಲವು ನೋಟು ತೆಗೆದು ಮುಂದೆ ತಳ್ಳಿದ, ಧರ್ಮಕ್ಕೆ ಕೊಡುತ್ತಿದ್ದೇನೆ ಎಂದ.

"ಧರ್ಮಕ್ಕಾದ್ರೆ ಗುಡಿ ಮುಂದೆ ಕುಂತವರಿಗೆ ಕೊಡಿ ಸಾಯೇಬ್ರೆ. ನಂಗೆ ತಪ್ಪಿಗೆ ಕೊಡಿ. ತಪ್ಪಾಯ್ತು ಅಂತ ಬರ್ದು ಅದ್ರ ಜತೇಲಿ ಕೊಡಿ, ಈಗ್ಲೇ ಇಸ್ಕತೀನಿ."

ಅವನು ಬರೆಯಲಿಲ್ಲ. ಅವಳು ನೋಟು ಮುಟ್ಟಲಿಲ್ಲ. ಹಗ್ಗ ಎತ್ತಿಕೊಂಡು ಬಸ್ಸಿಗೆ ನಡೆದಳು. ಮಾರನೆಯ ದಿನದಿಂದ ಅವಳಿಗೆ ಎಸ್ಟೇಟಿನಲ್ಲಿ ಕೆಲಸವಿರಲಿಲ್ಲ. ಹೊಳೆದಂಡೆಯ ತುಂಡು ನೆಲದಲ್ಲಿ ರಾಗಿ, ಮರಗೆಣಸು ಹಾಕಿಕೊಂಡು ಬದುಕಿದಳು ಎಂದು ಕೇಳಿದೆ. ಮತ್ತೆ ಹಸು ಕಟ್ಟಲಾಗಲಿಲ್ಲವಂತೆ. ನನಗೆ ಬಡ್ತಿ ಸಿಕ್ಕಿತು. ಕುಂಞಪ್ಪನ್ ಹೋದ ಮೇಲೆ ಅವನ ಕುರ್ಚಿಯಲ್ಲಿ ಕೂತು, ಇಪ್ಪತ್ತು ವರ್ಷ ಅವನ ಹಾಗೇ ಕಿವಿ ಮುಟ್ಟಿಕೊಂಡೆ.

ಕೆಲಸ ಬಿಟ್ಟ ವರ್ಷ ಊರಿನ ಕಡೆ ಹೊರಟವನಿಗೆ ಮರಕ್ಕಡವಿನ ದೋಣಿಯ ಹತ್ತಿರ ಅವಳು ಸಿಕ್ಕಳು. ಬೆನ್ನು ಬಾಗಿತ್ತು, ತಲೆಯ ಮೇಲೆ ಗೆಣಸಿನ ಬುಟ್ಟಿ. ಇಳಿಸಲು ಕೈ ಕೊಟ್ಟೆ. ಗುರುತು ಹಿಡಿದು, ಚೆನ್ನಾಗಿದೀಯಾ ಮಗ ಎಂದಳು. ಅಷ್ಟು ವರ್ಷ ಎದೆಯಲ್ಲಿ ಕೊಳೆತದ್ದು ಹೊರಬಂತು.

"ಅಮ್ಮಾ, ಅವತ್ತು ನಂಗೆ ನೆನಪಿತ್ತು," ಅಂದೆ.

ಅವಳು ಬೈಯುತ್ತಾಳೆ ಎಂದುಕೊಂಡಿದ್ದೆ. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು.

"ಗೊತ್ತು ಕಣಪ್ಪ. ಅವತ್ತು ಅಂದಿದ್ರೆ ನನ್ ಮೊಮ್ಮಗೀಗೆ ಹಾಲು ಸಿಕ್ತಿತ್ತು. ಇವತ್ತು ಅಂದ್ರೆ ನಿಂಗೆ ನಿದ್ದೆ ಬತ್ತದೆ, ಅಷ್ಟೇ."

ಬುಟ್ಟಿಯನ್ನು ತಾನೇ ಎತ್ತಿಕೊಂಡು ನೀರಿಗಿಳಿದಳು. ಅಂಬಿಗ ಕೈ ಕೊಟ್ಟು ಹತ್ತಿಸಿಕೊಂಡ. ದೋಣಿಯಲ್ಲಿ ಇನ್ನೂ ಜಾಗವಿತ್ತು, ಅವನು ನನ್ನನ್ನೂ ಕರೆದ. ನಾನೂ ಆಚೆ ದಡಕ್ಕೇ ಹೋಗಬೇಕಿತ್ತು. ಮುಂದಿನ ಸಲಕ್ಕೆ ಬರುತ್ತೇನೆ ಎಂದು ದಂಡೆಯಲ್ಲೇ ನಿಂತೆ.