ಎದುರುಮನೆಯ ನೀರಿನ ಮಡಕೆ

ನಾನು ಚಿಕ್ಕವನಿದ್ದಾಗ ನಮ್ಮ ಮನೆ ರಂಗೂನಿನಲ್ಲಿತ್ತು. ಅದು ಆಗ ಬರ್ಮಾ ದೇಶದ ರಾಜಧಾನಿ. ಅಪ್ಪ ಅಲ್ಲಿನ ಬಂದರಿನಲ್ಲಿ ಗುಮಾಸ್ತರಾಗಿದ್ದರು. ಬರ್ಮಾಕ್ಕೆ ಸ್ವಾತಂತ್ರ್ಯ ಬಂದು ಹೆಚ್ಚು ಕಾಲವಾಗಿರಲಿಲ್ಲ. ಆ ದೇಶದ ಜನ ತಮ್ಮತಮ್ಮಲ್ಲೇ ಯುದ್ಧಕ್ಕೆ ಇಳಿದಿದ್ದರು. ಊರಾಚೆ ಫಿರಂಗಿ ಹಾರಿಸಿದಾಗಲೆಲ್ಲ ನಮ್ಮ ಅಡುಗೆಮನೆಯ ಹಿತ್ತಾಳೆ ತಟ್ಟೆಗಳು ಸಣ್ಣಗೆ ನಡುಗುತ್ತಿದ್ದವು.

ದಾರಿಹೋಕರಿಗಾಗಿ ಮನೆಯ ಮುಂದೆ ಮಡಕೆಯಲ್ಲಿ ನೀರಿಡುವುದು ಅಲ್ಲಿನವರ ವಾಡಿಕೆ. ನಮ್ಮ ಬೀದಿಯ ಮಡಕೆ ಎದುರುಮನೆಯ ಬರ್ಮಾ ಹೆಂಗಸಿನದು. ಅವರನ್ನು ನಾವು ದೊಡ್ಡಮ್ಮ ಎನ್ನುತ್ತಿದ್ದೆವು. ಪೇಟೆಯಲ್ಲಿ ಬಟ್ಟೆಯಂಗಡಿ ನಡೆಸುತ್ತಿದ್ದ ಅವರ ಮಾತಿಗೆ ಗಂಡಸರೂ ಎದುರಾಡುತ್ತಿರಲಿಲ್ಲ. ಬಂಡಾಯಗಾರರು ಕುಡಿದಾರೆಂದು ಸೈನ್ಯದ ಅಧಿಕಾರಿಯೊಬ್ಬ ಮಡಕೆ ಒಡೆಯಲು ಬಂದಾಗ, ದೊಡ್ಡಮ್ಮ ಬೀದಿಯ ಹೆಂಗಸರನ್ನೆಲ್ಲ ಅದರ ಸುತ್ತ ಕೂರಿಸಿ, ಮೊದಲು ಕುಡಿ, ಆಮೇಲೆ ಒಡೆಯುವೆಯಂತೆ ಎಂದು ಲೋಟವನ್ನು ಅವನಿಗೇ ಚಾಚಿದ್ದರು. ಅವನು ಕುಡಿದು ಸುಮ್ಮನೆ ಹಿಂದಿರುಗಿದ್ದ.

ದೊಡ್ಡಮ್ಮನ ಮಗ ಬಂಡಾಯಗಾರರನ್ನು ಸೇರಿದ್ದು ನಮ್ಮ ಬೀದಿಗೆ ತಿಳಿದಿತ್ತು, ಸೈನ್ಯಕ್ಕೆ ತಿಳಿದಿರಲಿಲ್ಲ. ತಿಳಿದಿದ್ದರೆ ಮನೆಯಲ್ಲಿದ್ದ ಅವರ ಇಬ್ಬರು ಹೆಣ್ಣುಮಕ್ಕಳನ್ನೂ ಹಿಡಿದೊಯ್ಯುತ್ತಿದ್ದರು.

ಒಂದು ಮಧ್ಯಾಹ್ನ ಸೆರೆಯಾಳುಗಳ ಲಾರಿಯೊಂದು ಮಡಕೆಯ ಬಳಿ ನಿಂತಿತು. ಸೈನಿಕರು ಇಳಿದು ನೀರು ಕುಡಿದರು. ಸೆರೆಯಾಳುಗಳಿಗೂ ಕೊಡುತ್ತೇನೆಂದು ದೊಡ್ಡಮ್ಮ ಹೇಳಿದಾಗ ಯಾರೂ ತಡೆಯಲಿಲ್ಲ. ಸೆರೆಯಾಳುಗಳ ಕೈಗಳನ್ನು ಕಟ್ಟಿದ್ದರಿಂದ, ನೆರವಿಗೆ ಹೋದ ನನ್ನ ಅಕ್ಕ ತುಂಬಿಕೊಟ್ಟ ಲೋಟವನ್ನು ದೊಡ್ಡಮ್ಮ ಒಬ್ಬೊಬ್ಬರ ಬಾಯಿಗೂ ಹಿಡಿಯುತ್ತ ಬಂದರು. ಬಿಸಿ ಎಣ್ಣೆಯ, ಬೆವರಿನ ವಾಸನೆ ಮುಖಕ್ಕೆ ಬಡಿಯುತ್ತಿತ್ತು. ಕೊನೆಯಲ್ಲಿ ಕುಳಿತಿದ್ದವನು ಅವರ ಮಗ. ಅಕ್ಕನ ನಾಲಿಗೆಯ ತುದಿಗೆ ಅವನ ಹೆಸರು ಬಂದೇಬಿಟ್ಟಿತ್ತು.

“ಇವನಿಗೂ ಬಾಯಾರಿದೆ. ಲೋಟ ತುಂಬು, ಮಗಳೇ,” ಎಂದರು ದೊಡ್ಡಮ್ಮ.

ಎಲ್ಲರಿಗೂ ಕೊಟ್ಟಷ್ಟೇ ನೀರನ್ನು ಅವನಿಗೂ ಕೊಟ್ಟರು. ಅವನು ಕಣ್ಣು ಮುಚ್ಚಿಕೊಂಡೇ ಕುಡಿದ. ಅವನ ಗದ್ದದಿಂದ ಇಳಿದ ನೀರನ್ನು ಒರೆಸಲು ಮುಂದೆ ಹೋದ ಕೈಯನ್ನು ದೊಡ್ಡಮ್ಮ ಹಿಂದಕ್ಕೆ ತೆಗೆದುಕೊಂಡರು. ಲಾರಿ ಹೊರಟಿತು. ಅವರ ಮಾತು ಮಡಕೆಯವರೆಗೆ ನಡೆಯಿತು, ಲಾರಿಯವರೆಗೆ ನಡೆಯಲಿಲ್ಲ.

ಅವನು ಮರಳಲಿಲ್ಲ. ನಾವು ಆ ಊರು ಬಿಟ್ಟು ಹಡಗು ಹತ್ತಿದ ಬೆಳಿಗ್ಗೆಯೂ ದೊಡ್ಡಮ್ಮ ಮಡಕೆ ತೊಳೆಯುತ್ತಿದ್ದರು. ಅಕ್ಕ ತಾನು ಬದುಕಿರುವವರೆಗೂ ಆ ಹೆಸರನ್ನು ಹೇಳಲಿಲ್ಲ.

ಮಕ್ಕಳೇ, ಈಗ ನಾವಿರುವ ಈ ಅಪ್ಪರ್ ಹಟ್ ಊರಿನ ಪಾರ್ಕಿನಲ್ಲಿ ಗುಂಡಿ ಒತ್ತಿದರೆ ನೀರು ಚಿಮ್ಮುತ್ತದೆ. ನೀವು ಕುಡಿಯುವುದಕ್ಕಿಂತ ಚೆಲ್ಲುವುದೇ ಹೆಚ್ಚು. ಕತ್ತಲಾಗುವ ಹೊತ್ತಿಗೆ ನಿಮ್ಮ ಅಮ್ಮ ಮೈದಾನದ ಆ ತುದಿಯಿಂದ ನಿಮ್ಮ ಹೆಸರು ಹಿಡಿದು ಗಟ್ಟಿಯಾಗಿ ಕೂಗುತ್ತಾಳೆ. ಗೆಳೆಯರ ಮುಂದೆ ನಾಚಿಕೆಯಾಗುತ್ತದೆ, ಕೂಗಬೇಡ ಎಂದು ಅಮ್ಮನಿಗೆ ಹೇಳಿ ತಾತ, ಎಂದು ನನ್ನನ್ನು ಕೇಳುತ್ತೀರಿ. ಅದೊಂದನ್ನು ನಾನು ಅವಳಿಗೆ ಹೇಳಲಾರೆ.