ಏಣಿಯಕ್ಕನ ಓಟು

ಎಸ್ಟೇಟಿನ ಲೈನ್ ಮನೆಗಳಲ್ಲಿರುವ ಕೆಲಸಗಾರರು ಓಟನ್ನು ಯಾರ ಮಾತು ಕೇಳಿ ಹಾಕುತ್ತಾರೆ ಎಂಬುದರ ಮೇಲೆ ನಾನು ಪಿಎಚ್‌ಡಿ ಮಾಡಿದೆ. ಮಾಲೀಕರು ಹೇಳಿದವರಿಗೋ, ತಮಗೆ ಬೇಕಾದವರಿಗೋ? ಪ್ರಶ್ನೆ ಇಷ್ಟೇ. ಕೊಡಗಿನಲ್ಲೇ ಹುಟ್ಟಿದವಳು, ಕಾಫಿ ಗಿಡಗಳ ಮಧ್ಯೆಯೇ ಓಡಾಡಿ ಬೆಳೆದವಳು, ಇದನ್ನು ನನಗಿಂತ ಚೆನ್ನಾಗಿ ಯಾರು ಮಾಡಿಯಾರು ಎಂಬ ಕೊಬ್ಬು ಬೇರೆ ಇತ್ತು. ಆ ಕೊಬ್ಬಿಗೆ ಬೆಲೆ ತೆತ್ತವಳು ನಾನಲ್ಲ, ಇನ್ನೊಬ್ಬ ಹೆಂಗಸು. ಬರೆದುಬಿಟ್ಟರೆ ಮನಸ್ಸು ಹಗುರಾಗುತ್ತದೆ ಎಂದು ಗೆಳತಿಯೊಬ್ಬಳು ಹೇಳಿದಳು. ನಾಲ್ಕು ಸಲ ಬರೆದು ಹರಿದಿದ್ದೇನೆ, ಏನೂ ಹಗುರಾಗಲಿಲ್ಲ.

ನಮ್ಮದು ನಾಲ್ಕೆಕರೆಯ ತೋಟ, ಪಕ್ಕದಲ್ಲೇ ದೊಡ್ಡ ಎಸ್ಟೇಟು. ಅಲ್ಲಿ ಕೆಲಸಗಾರರ ಹಾಜರಿ ಹಿಡಿದು, ಯಾರಿಗೆ ಯಾವ ಕೆಲಸ, ಯಾರಿಗೆ ಯಾವ ಮನೆ ಎಂದು ತೀರ್ಮಾನಿಸುವ ರೈಟರ್ ನನ್ನ ಅಪ್ಪನ ಜೊತೆ ಶಾಲೆಗೆ ಹೋದವರು. ಅಪ್ಪ ಒಂದು ಮಾತು ಹೇಳಿದ್ದೇ ತಡ, ಲೈನಿನ ಬಾಗಿಲುಗಳೆಲ್ಲ ನನಗೆ ತೆರೆದವು. ರೈಟರೇ ಖುದ್ದಾಗಿ ಬಂದು, "ಇವ್ರು ನಮ್ಮವ್ರೇ, ಕೇಳಿದ್ದಕ್ಕೆಲ್ಲ ಹೇಳಿ" ಎಂದು ಸಾರಿ ಹೋದರು. ಅಲ್ಲೇ ಎಡವಟ್ಟಾಗಿತ್ತು. ನನಗೆ ಮಾತ್ರ ಅದು ಅನುಕೂಲವಾಗಿಯೇ ಕಂಡಿತು.

ಪ್ರತಿಯೊಬ್ಬರ ಎದುರೂ ಒಂದು ಕಾಗದ ಓದುತ್ತಿದ್ದೆ. ನಿಮ್ಮ ಹೆಸರನ್ನು ಎಲ್ಲಿಯೂ ಬರೆಯುವುದಿಲ್ಲ, ನೀವು ಹೇಳಿದ್ದು ಗುಟ್ಟಾಗಿರುತ್ತದೆ, ಒಪ್ಪಿಗೆಯಿದ್ದರೆ ಮಾತ್ರ ಮಾತಾಡಿ. ಯೂನಿವರ್ಸಿಟಿಯವರು ಕೊಟ್ಟ ಕಾಗದ ಅದು. ಲೈನಿನವರು ತಲೆಯಾಡಿಸಿ, "ರೈಟರ್ ಹೇಳಿದ ಚಿಹ್ನೆಗೇ ಹಾಕಿದ್ದು" ಎಂದು ಒಂದೇ ರಾಗ ಹಾಡುತ್ತಿದ್ದರು. ಇಪ್ಪತ್ತು ಮನೆ ಮುಗಿಸುವಷ್ಟರಲ್ಲಿ ನನಗೆ ಆಕಳಿಕೆ ಬರತೊಡಗಿತ್ತು.

ಕೊನೆಯ ಮನೆಯಲ್ಲಿ ಏಣಿಯಕ್ಕ ಸಿಕ್ಕಿದಳು. ಐವತ್ತರ ಆಸುಪಾಸಿನ ಹೆಂಗಸು, ಗಂಡ ತೀರಿಕೊಂಡಿದ್ದ, ಎಚ್.ಡಿ. ಕೋಟೆ ಕಡೆಯಿಂದ ಚಿಕ್ಕವಳಿದ್ದಾಗಲೇ ಬಂದವಳು. ನಮ್ಮಲ್ಲಿ ಕರಿಮೆಣಸು ಕುಯ್ಯುವಾಗ, ಬಳ್ಳಿ ಹಬ್ಬಿದ ಸಿಲ್ವರ್ ಮರಕ್ಕೆ ಒಂಟಿ ಬಿದಿರಿನ ಏಣಿ ಒರಗಿಸಿ ಹತ್ತುವವರು ಗಂಡಸರು. ಹೆಂಗಸರು ಕೆಳಗೆ ಉದುರಿದ್ದನ್ನು ಆರಿಸುತ್ತಾರೆ. ಈಕೆ ಮಾತ್ರ ಸೀರೆಯ ಮೇಲೆ ಗಂಡನ ಹಳೇ ಶರ್ಟು ತೊಟ್ಟು, ಚೀಲವನ್ನು ಹೆಗಲಿಗೆ ಕಟ್ಟಿ, ಸರಸರನೆ ಹತ್ತಿಬಿಡುತ್ತಿದ್ದಳು. ಅದಕ್ಕೇ ಆ ಹೆಸರು.

"ಮದ್ವೆ ಆಗೋ ವಯಸ್ಸಲ್ಲಿ ಮಂದಿ ಓಟು ಕೇಳ್ಕಂಡು ತಿರುಗ್ತಾ ಇದ್ದೀರಲ್ಲವ್ವ, ನಿಮ್ಮಪ್ಪ ಏನೂ ಅನ್ನಕ್ಕಿಲ್ವಾ?" ಎಂದು ಮೊದಲ ದಿನವೇ ನನ್ನ ಕಾಲೆಳೆದಳು. ಮೂರನೆಯ ಸಲ ಹೋದಾಗ ಬೆಲ್ಲದ ಕಾಫಿ ಕೊಟ್ಟಳು. ಐದನೆಯ ಸಲ, ಬಾಗಿಲು ಮುಂದೆ ಮಾಡಿ, ತಗ್ಗಿದ ದನಿಯಲ್ಲಿ ಕೇಳಿದಳು:

"ನೀವು ರೈಟರ್ ಕಡೆಯೋರಾ?"

"ಅಯ್ಯೋ ಇಲ್ಲಕ್ಕ, ದೇವರಾಣೆ ಇಲ್ಲ."

"ಹಂಗಾರೆ ಹೇಳ್ತೀನಿ. ಎಲ್ರೂ ಒಂದೇ ಜೀಪಲ್ಲಿ ಹೋಗಿ ಓಟು ಹಾಕ್ಬತ್ತೀವಿ. ಯಾವ ಬಟನ್ ಅಂತ ರೈಟರ್ ಹೇಳೇ ಕಳಿಸ್ತಾರೆ. ನಾನು ಒಂದ್ ಸಲಾನೂ ಅದನ್ನ ಒತ್ತಿಲ್ಲ ಕಣವ್ವ. ಆ ಇನ್ನೊಂದ್ ಪಾರ್ಟಿಯೋರು ಮನೆ ಕಟ್ಕೊಳಕ್ಕೆ ಸೈಟು ಕೊಡುಸ್ತೀವಿ ಅಂತವ್ರೆ. ಕೊಡ್ತಾರೋ ಬುಡ್ತಾರೋ, ಅದು ಬ್ಯಾರೆ ಮಾತು. ಈ ಮನೆ ನಂದಲ್ವಲ್ಲ. ಕೈ ಕಾಲು ಬಿದ್ದೋದ ದಿನ ಎದ್ದೋಗು ಅಂತಾರೆ."

"ಯಾರಿಗೂ ಗೊತ್ತಾಗಿಲ್ವಾ?"

"ಹೆಂಗ್ ಗೊತ್ತಾಯ್ತದೆ? ಆ ರಟ್ಟಿನ ಮರೇಲಿ ಯಾವ ನನ್ಮಗ ಬಂದು ನೋಡಾನು?" ಎಂದು ಬಾಯಿಗೆ ಸೆರಗು ಅಡ್ಡ ಹಿಡಿದು ನಕ್ಕಳು. ಅಷ್ಟು ಖುಷಿಯಿಂದ ನಕ್ಕಿದ್ದನ್ನು ನಾನು ಬೇರೆ ಯಾವತ್ತೂ ನೋಡಲಿಲ್ಲ.

ನನಗೋ ಕುಣಿಯುವಂತಾಯಿತು. ನನ್ನ ಇಡೀ ಪ್ರಬಂಧಕ್ಕೆ ಜೀವ ಸಿಕ್ಕಿತ್ತು. ಬರೆಯುವಾಗ ನಿಯಮದ ಪ್ರಕಾರ ಅವಳ ಹೆಸರು ತೆಗೆದೆ, ಎಸ್ಟೇಟಿನ ಹೆಸರು ತೆಗೆದೆ. "ಐವತ್ತರ ಆಸುಪಾಸಿನ ವಿಧವೆ; ಗಂಡಸರಂತೆ ಏಣಿ ಹತ್ತಿ ಮೆಣಸು ಕುಯ್ಯುತ್ತಾಳೆ" ಎಂದು ಬರೆದೆ. ಆ ಏಣಿಯನ್ನು ಬಿಟ್ಟುಬಿಡಬಹುದಿತ್ತು. ಬಿಡಲಿಲ್ಲ. ಅದಿದ್ದರೆ ಓದುವವರ ಕಣ್ಣಿಗೆ ಕಟ್ಟುತ್ತದೆ ಎಂದು ಉಳಿಸಿಕೊಂಡೆ. ಕೊನೆಯ ಮೌಖಿಕ ಪರೀಕ್ಷೆಯಲ್ಲಿ, ಮಾಹಿತಿ ಕೊಟ್ಟವರ ಗುರುತು ಕಾಪಾಡಿದ್ದೀರಾ ಎಂದು ಕೇಳಿದರು. "ಪೂರ್ತಿಯಾಗಿ" ಎಂದೆ, ಎದೆ ಸೆಟೆಸಿಕೊಂಡು. ಆ ಏಣಿಯ ಭಾಗ ತುಂಬಾ ಚೆನ್ನಾಗಿದೆ ಎಂದು ಒಬ್ಬರು ಹೊಗಳಿದರು ಕೂಡ.

ಅಷ್ಟಕ್ಕೇ ನಿಂತಿದ್ದರೂ ಆಗುತ್ತಿತ್ತು. ಇಂಗ್ಲಿಷಿನ ಪ್ರಬಂಧ, ಲೈಬ್ರರಿಯಲ್ಲಿ ಧೂಳು ತಿನ್ನುತ್ತಾ ಬಿದ್ದಿರುತ್ತಿತ್ತು. ಆದರೆ ನಮ್ಮ ಜಿಲ್ಲೆಯ ಪತ್ರಿಕೆಯೊಂದು ಲೇಖನ ಕೇಳಿತು. ಫೋಟೋ ಸಮೇತ ಹಾಕುತ್ತೇವೆ ಎಂದರು, ನಾನು ಉಬ್ಬಿಹೋದೆ. ಕನ್ನಡದಲ್ಲಿ ಚಂದವಾಗಿ ಬರೆದು ಕೊಟ್ಟೆ. ಏಣಿಯೂ ಬಂತು, ಜೀಪೂ ಬಂತು, ಬೇರೆ ಬಟನ್ ಒತ್ತಿದ್ದೂ ಬಂತು.

ಭಾನುವಾರ ಬೆಳಿಗ್ಗೆ ಅಪ್ಪ ಜಗಲಿಯಲ್ಲಿ ಕೂತು ಅದನ್ನು ಓದಿದರು. ಮಗಳ ಫೋಟೋ ನೋಡಿ ಹಿಗ್ಗುತ್ತಾರೆ ಎಂದು ನಾನು ಬಾಗಿಲಲ್ಲೇ ಕಾಯುತ್ತಿದ್ದೆ. ಅಪ್ಪ ಕನ್ನಡಕ ತೆಗೆದು ನನ್ನನ್ನು ನೋಡಿದರು.

"ಇದ್ ನಮ್ಮ ಏಣಿಯಕ್ಕ ಅಲ್ಲನಾ?"

"ಹೆಸರು ಹಾಕಿಲ್ಲಪ್ಪ."

"ಹೆಸರ್ ಯಾರಿಗೆ ಗೊತ್ತುಟ್ಟು?" ಎಂದರು ಅಪ್ಪ ನಮ್ಮ ಅರೆಭಾಷೆಯಲ್ಲಿ. ಅವರ ದನಿಯಲ್ಲಿ ಸಿಟ್ಟಿರಲಿಲ್ಲ.

ಅಪ್ಪ ಹೇಳಿದ್ದು ನಿಜ. ಲೈನಿನಲ್ಲಿ ಯಾರೂ ಯಾರನ್ನೂ ಹೆಸರಿನಿಂದ ಕರೆಯುವುದಿಲ್ಲ. ಟ್ಯಾಂಕಿನ ಮನೆಯವನು, ಕೋಳಿ ಅಜ್ಜಿ, ಏಣಿಯಕ್ಕ. ಅವಳ ನಿಜವಾದ ಹೆಸರು ಇದ್ದದ್ದು ಮತದಾರರ ಪಟ್ಟಿಯಲ್ಲಿ, ಹಾಜರಿ ಪುಸ್ತಕದಲ್ಲಿ ಮತ್ತು ನನ್ನ ನೋಟ್‌ಬುಕ್ಕಿನಲ್ಲಿ. ಊರಿಗೆ ಗೊತ್ತೇ ಇಲ್ಲದ ಹೆಸರನ್ನು ಜೋಪಾನವಾಗಿ ಮುಚ್ಚಿಟ್ಟು, ಊರೆಲ್ಲ ಕೂಗುವ ಹೆಸರನ್ನು ಪೇಪರಿಗೆ ಹಾಕಿಬಿಟ್ಟಿದ್ದೆ. ಇಲ್ಲೇ ಹುಟ್ಟಿ ಬೆಳೆದ ನನಗೆ ಇಷ್ಟು ಗೊತ್ತಾಗಲಿಲ್ಲವೇ? ಥೂ, ನನ್ನ ಓದಿಗಿಷ್ಟು ಬೆಂಕಿ ಹಾಕ!

ಆ ದಿನವೇ ಓಡಿ ಹೋಗಿ ಅವಳಿಗೆ ಹೇಳಬೇಕಿತ್ತು. ರೈಟರ ಕಾಲಿಗಾದರೂ ಬೀಳಬೇಕಿತ್ತು. ಹೋಗಲಿಲ್ಲ. ಲೈನಿನವರು ಪೇಪರ್ ಎಲ್ಲಿ ಓದುತ್ತಾರೆ ಎಂದುಕೊಂಡೆ. ನಾನಾಗಿಯೇ ಹೋದರೆ ಇಲ್ಲದ ಅನುಮಾನ ಹುಟ್ಟಿಸಿದಂತಾಗುತ್ತದೆ ಎಂದೂ ಅಂದುಕೊಂಡೆ. ಇವೆಲ್ಲ ನೆಪ. ಹೆದರಿಕೆ ಇತ್ತು, ಅಷ್ಟೇ. ಮರುದಿನ ಮೈಸೂರಿನ ಬಸ್ಸು ಹತ್ತಿದೆ.

ರೈಟರ್ ಪೇಪರ್ ಓದಿದ್ದರು. ಎರಡು ತಿಂಗಳ ನಂತರ ನಾನು ಊರಿಗೆ ಬಂದಾಗ ಮನೆಗೇ ಬಂದು, ಕಾಫಿ ಕುಡಿಯುತ್ತಾ, "ಚೆನ್ನಾಗಿ ಬರ್ದಿದ್ದೀಯ ಮಗಳೇ. ನಮ್ಮ ಲೈನಲ್ಲಿ ಏನ್ ನಡೀತಿದೆ ಅಂತ ನಮಗೇ ಗೊತ್ತಿರ್ಲಿಲ್ಲ ನೋಡು" ಎಂದರು. ಏಣಿಯಕ್ಕ ಹೇಗಿದ್ದಾಳೆ ಎಂದು ಕೇಳಿದೆ.

"ಅವ್ಳಾ? ಲೈನ್ ರಿಪೇರಿ ಇತ್ತು, ಖಾಲಿ ಮಾಡ್ಸಿದ್ವಿ. ವಯಸ್ಸೂ ಆಯ್ತಲ್ಲ, ಏಣಿಯಿಂದ ಬಿದ್ರೆ ನಮ್ಮ ತಲೆಗೇ ಬರುತ್ತೆ."

ಆಮೇಲೆ ಹೋಗಿ ನೋಡಿದರೆ, ರಿಪೇರಿ ಆಗಿದ್ದು ಅವಳ ಮನೆಯೊಂದೇ. ಅದೂ ಒಂದು ಬಾಗಿಲು ಮಾತ್ರ. ಅಲ್ಲಿ ಅಸ್ಸಾಮಿನವರೊಬ್ಬರು ಬಂದು ಕೂತಿದ್ದರು. ಆ ದಿನ ನಾನು ರೈಟರನ್ನು ಗೇಟಿನವರೆಗೂ ಹೋಗಿ ಬೀಳ್ಕೊಟ್ಟಿದ್ದೆ.

ಅವಳನ್ನು ಹುಡುಕಲು ನನಗೆ ಒಂದು ವರ್ಷಕ್ಕಿಂತ ಹೆಚ್ಚು ಹಿಡಿಯಿತು. ಹುಡುಕುವುದು ಕಷ್ಟವಾಗಿತ್ತು ಎಂದಲ್ಲ, ಮುಖ ತೋರಿಸಲು ಧೈರ್ಯವಿರಲಿಲ್ಲ. ಅಷ್ಟರಲ್ಲಿ ಇನ್ನೊಂದು ಎಲೆಕ್ಷನ್ನೂ ಆಗಿಹೋಗಿತ್ತು. ನೆಲ್ಯಹುದಿಕೇರಿಯ ಹತ್ತಿರ ಒಂದು ತೋಟದಲ್ಲಿದ್ದಾಳೆ ಎಂದು ಕೋಳಿ ಅಜ್ಜಿ ಹೇಳಿದ ಮೇಲೆ ಒಂದು ಮಧ್ಯಾಹ್ನ ಹೋದೆ. ಊಟದ ಹೊತ್ತು. ಕಾಫಿ ಹಣ್ಣು ತುಂಬುವ ಪಿಕಿಂಗ್ ಚೀಲ ಸೊಂಟಕ್ಕೆ ಕಟ್ಟಿಕೊಂಡೇ ಬಂದಳು. ಬಡವಾಗಿದ್ದಳು.

ನನ್ನನ್ನು ನೋಡಿ ಮೊದಲು ಸುತ್ತ ನೋಡಿದಳು. "ಏಣಿ ವಿಚಾರ ಇಲ್ಲಿ ಯಾರ್ ಮುಂದೂ ಎತ್ಬೇಡಿ ಕಣವ್ವ. ನಾನ್ ಹತ್ತುತೀನಿ ಅಂತ ಇಲ್ಲಿ ಯಾರ್ಗೂ ಗೊತ್ತಿಲ್ಲ. ಕೆಳ್ಗೇ ಆರುಸ್ತೀನಿ."

"ಅಕ್ಕ, ನನ್ನಿಂದ ದೊಡ್ಡ ತಪ್ಪಾಯ್ತು" ಎಂದು ಶುರುಮಾಡಿದೆ. ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದ ಮಾತುಗಳಲ್ಲಿ ಅಷ್ಟೇ ನೆನಪಿಗೆ ಬಂತು. ಕಣ್ಣಲ್ಲಿ ನೀರು ಬಂತು, ಅದಕ್ಕೂ ನಾಚಿಕೆಯಾಯಿತು.

ಅವಳಿಗೇ ಗಾಬರಿಯಾಯಿತು. "ಬುಡಿ, ಬುಡಿ. ನಿಮ್ದೇನೈತೆ? ನೀವು ಅವ್ರ ಕಡೆಯೋರು, ಹೇಳೋದ್ ಹೇಳಿದ್ರಿ. ನಂಗೇ ಬುದ್ಧಿ ಇರ್ಲಿಲ್ಲ."

"ಇಲ್ಲಕ್ಕ, ನಾನು ಅವರ ಕಡೆಯವಳಲ್ಲ."

ಅವಳು ನಂಬಲಿಲ್ಲ, ನಂಬಬೇಕಾದ ಕಾರಣವೂ ಇರಲಿಲ್ಲ. ದೂರದಲ್ಲಿ ಶೀಟಿ ಕೇಳಿಸಿತು, ಕೆಲಸಕ್ಕೆ ಹೊತ್ತಾಯಿತು. ಚೀಲ ಸರಿಮಾಡಿಕೊಂಡು ಎರಡು ಹೆಜ್ಜೆ ಹೋದವಳು ತಿರುಗಿ ಬಂದಳು. ನನ್ನ ಎರಡೂ ಕೈ ಹಿಡಿದುಕೊಂಡಳು.

"ಈ ಸಲ ಎಲೆಕ್ಷನ್ನಲ್ಲಿ ಇಲ್ಲಿನ ರೈಟರ್ ಹೇಳಿದ್ದನ್ನೇ ಒತ್ತಿದ್ದೀನಿ ಕಣವ್ವ, ದೇವ್ರಾಣೆ. ಒಳಗೆ ಯಾರೂ ನೋಡಕ್ಕಿಲ್ವಲ್ಲ, ನಾನ್ ಹೇಳಿದ್ರೆ ನಂಬ್ತಾರೋ ಇಲ್ವೋ. ನೀವು ಓದ್ದೋರು, ಒಂದ್ ಮಾತು ಅವ್ರಿಗೆ ಹೇಳ್ಬುಡಿ."